ಖಂಬಾಟ್ಕಿಯ ಹಳೇ ರಸ್ತೆಯನ್ನು ಯಾರಿಗೆ ಬಿಡ್ತೀರಿ?

ಧಾರವಾಡ, ಹುಬ್ಬಳ್ಳಿ, ಬೆಳಗಾವಿ, ದಾವಣಗೆರೆ ಕಡೆಯವರಿಗೆ ಪಿ.ಬಿ. ರೋಡ್ ಅಂದರೆ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಪಿ ಅಂದರೆ ಪೂನಾ, ಬಿ ಅಂದರೆ ಬೆಂಗಳೂರು. ಧಾರವಾಡದಲ್ಲಿ ಬಿ.ಕಾಂ. ಓದುವಾಗ ಇದೇ ರಸ್ತೆಯ ಮೇಲೆ ಅಟ್ಲಾಸ್ ಸೈಕಲ್ ತುಳಿದುಕೊಂಡು ಕಾಲೇಜಿಗೆ ಹೋಗುತ್ತಿದ್ದೆ. ಆಮೇಲೆ ಬ್ಯಾಂಕ್ ಕೆಲಸ, ವರ್ಗಾವಣೆ, ಪುಣೆ, ಮದುವೆ, ಫ್ಲ್ಯಾಟು, ಅದರ ಸಾಲ... ನಿಮ್ಮೆಲ್ಲರ ಕಥೆಯೇ ಬಿಡಿ. ಮೂವತ್ತು ವರ್ಷ ಕಳೆದುಹೋದವು. ನಲವತ್ತೆಂಟಕ್ಕೆ ಸಕ್ಕರೆ ಕಾಯಿಲೆ ಬಂತು, ಡಾಕ್ಟರು ಗದರಿಸಿದರು, ಮತ್ತೆ ಸೈಕಲ್ ತಗೊಂಡೆ. ಈಗ ಅದೇ ಪಿ.ಬಿ. ರೋಡಿನ ಪೂನಾ ತುದಿಯಲ್ಲಿ ಭಾನುವಾರ ಬೆಳಿಗ್ಗೆ ಐದಕ್ಕೆಲ್ಲ ಪೆಡಲ್ ಮೇಲೆ ಕಾಲಿಟ್ಟಿರುತ್ತೇನೆ. ಸೈಕಲ್ ಬೇರೆ, ತುದಿ ಬೇರೆ, ರಸ್ತೆ ಮಾತ್ರ ಅದೇ.

ಅದೇ ಅಂದೆನಲ್ಲ, ಅದು ಪೂರ್ತಿ ನಿಜ ಅಲ್ಲ. ಹಳೇ ಎನ್‌.ಎಚ್‌. 4 ಈಗ ಎನ್‌.ಎಚ್‌. 48. ನಮ್ಮ ಊರುಗಳಲ್ಲಿ ಬೈಪಾಸ್ ಬಂದ ಮೇಲೆ ಪಿ.ಬಿ. ರೋಡ್ ಊರೊಳಗಿನ ಬೀದಿಯಾಗಿ ಉಳಿಯಿತು. ಪುಣೆಯಿಂದ ದಕ್ಷಿಣಕ್ಕೆ ಹೊರಟರೆ ಮಾತ್ರ ಕಥೆ ಬೇರೆ, ಯಾಕೆಂದರೆ ಇಲ್ಲಿ ಗುಡ್ಡಗಳಿವೆ. ಮೊದಲು ಕಾತ್ರಜ್ ಘಾಟ್, ಆಮೇಲೆ ಅರವತ್ತು ಚಿಲ್ಲರೆ ಕಿಲೋಮೀಟರ್ ದೂರದಲ್ಲಿ ಖಂಬಾಟ್ಕಿ ಘಾಟ್. ಊರಿಗೆ ಹೋಗುವ ರಾತ್ರಿ ಬಸ್ಸಿನಲ್ಲಿ ನೀವು ನೂರು ಸಲ ಈ ಖಂಬಾಟ್ಕಿ ಹತ್ತಿದ್ದೀರಿ, ನಿದ್ದೆಯಲ್ಲಿ. ಬಸ್ಸು ಗೇರ್ ಇಳಿಸಿ ಗುರ್ ಅನ್ನುತ್ತಾ, ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲುತ್ತಾ, ನಿಮ್ಮ ತಲೆ ಕಿಟಕಿಗೆ ಬಡಿಯುತ್ತೆ ನೋಡಿ, ಅದೇ.

ಇಷ್ಟು ವರ್ಷ ಅಲ್ಲಿನ ಏರ್ಪಾಡು ಹೀಗಿತ್ತು. ಪುಣೆಯಿಂದ ಸಾತಾರಾ ಕಡೆ ಹೋಗುವವರು ಹಳೇ ಘಾಟ್ ಹತ್ತಬೇಕು, ಸಾತಾರಾದಿಂದ ಪುಣೆಗೆ ಬರುವವರು ಸುರಂಗದಲ್ಲಿ ತೂರಿ ಬರಬೇಕು. ಎರಡೂ ಒಮ್ಮುಖ. ಸುರಂಗ ದಾಟಿದ ಮೇಲೆ ಸಿಗುವ ಎಸ್ ಆಕಾರದ ತಿರುವು ಅಪಘಾತಗಳಿಗೆ ಹೆಸರುವಾಸಿ. ಅದಕ್ಕೇ ಈಗ ಹೊಸ ಜೋಡಿ ಸುರಂಗ ಕೊರೆದಿದ್ದಾರೆ, ಒಂದೊಂದರಲ್ಲಿ ಮೂರು ಮೂರು ಲೇನ್. ಲಾರಿಗಳಿಗೂ ಬಸ್ಸುಗಳಿಗೂ ಗುಡ್ಡ ಹತ್ತುವ ಕಷ್ಟ ತಪ್ಪುತ್ತದೆ. ಒಳ್ಳೆಯದೇ. ನಾನೇನು ಸುರಂಗದ ವಿರೋಧಿ ಅಲ್ಲ, ದೀಪಾವಳಿಗೆ ಊರಿಗೆ ಹೋಗುವಾಗ ನಾನೂ ಅದರಲ್ಲೇ ಹೋಗುವವನು.

ನನ್ನ ಪ್ರಶ್ನೆ ಬೇರೆ. ಗಾಡಿಗಳೆಲ್ಲ ಸುರಂಗಕ್ಕೆ ಹೋದಮೇಲೆ ಮೇಲಿನ ಹಳೇ ಘಾಟ್ ರಸ್ತೆ ಏನಾಗುತ್ತೆ?

ನನಗೆ ಗೊತ್ತಿರುವ ಮಟ್ಟಿಗೆ ನಮ್ಮ ದೇಶದಲ್ಲಿ ಇಂಥ ರಸ್ತೆಗಳಿಗೆ ಎರಡೇ ಗತಿ. ಒಂದು, ಯಾರೂ ನೋಡಿಕೊಳ್ಳದೆ ಬಿಟ್ಟು, ನಾಲ್ಕು ಮಳೆಗಾಲದಲ್ಲಿ ಮೋರಿ ಕೊಚ್ಚಿ, ಅಂಚು ಕುಸಿದು ರಸ್ತೆಯೇ ಇಲ್ಲದಂತಾಗುವುದು. ಎರಡು, 'ವ್ಯೂ ಪಾಯಿಂಟ್' ಹೆಸರಲ್ಲಿ ಇನ್ನೂ ಅಗಲ ಮಾಡಿ, ಮೇಲೆ ಎರಡು ರಿಸಾರ್ಟು, ನಾಲ್ಕು ಧಾಬಾ ಎದ್ದು, ಶನಿವಾರ ಭಾನುವಾರ ಕಾರುಗಳ ಜಾತ್ರೆಯಾಗುವುದು. ನಾನು ಹೇಳುವುದು ಮೂರನೆಯದು. ಅದನ್ನು ಈಗಿರುವ ಅಗಲದಲ್ಲೇ, ಈಗಿರುವ ಏರಿನಲ್ಲೇ, ಸರ್ಕಾರದ ಲೆಕ್ಕದಲ್ಲೇ ಚೆನ್ನಾಗಿಟ್ಟು ನಿಧಾನ ಹೋಗುವವರಿಗೆ ಬಿಡಿ. ಸೈಕಲ್ಲು, ಎತ್ತಿನ ಗಾಡಿ, ಕುರಿ ಮಂದೆ, ಹಳ್ಳಿಯವರ ಬೈಕು, ಲಾಲ್ ಪರಿ (ಅದೇ, ಮಹಾರಾಷ್ಟ್ರದ ಕೆಂಪು ಎಸ್‌.ಟಿ. ಬಸ್ಸು). ಖಂಬಾಟ್ಕಿಗಷ್ಟೇ ಅಲ್ಲ, ಸಹ್ಯಾದ್ರಿಯ ಎಲ್ಲ ಹಳೇ ಘಾಟ್‌ಗಳಿಗೂ ಇದೇ ನ್ಯಾಯ ಆಗಬೇಕು ಅನ್ನೋದು ನನ್ನ ವಾದ.

"ನಿಮ್ಮ ಶೋಕಿಗೆ ಸರ್ಕಾರ ರಸ್ತೆ ಇಡಬೇಕಾ?" ಅಂತ ಕೇಳುವವರಿದ್ದಾರೆ. ಇರಲಿ, ಅಲ್ಲಿಗೂ ಬರ್ತೀನಿ. ಅದಕ್ಕೆ ಮುಂಚೆ ಹಳೇ ಘಾಟ್ ರಸ್ತೆ ಅಂದರೆ ಎಂಥ ಆಸ್ತಿ ಅಂತ ಸ್ವಲ್ಪ ಹೇಳಬೇಕು.

ಮುಂಬೈ–ಪುಣೆ ನಡುವಿನ ಬೋರ್ ಘಾಟ್‌ನಲ್ಲಿ ಹಳೇ ರಸ್ತೆಯ ಪಕ್ಕ ಶಿಂಗ್ರೋಬಾನ ಗುಡಿ ಇದೆ. ಬ್ರಿಟಿಷರಿಗೆ ಗುಡ್ಡ ಇಳಿಯುವ ದಾರಿ ತೋರಿಸಿಕೊಟ್ಟ ಧನಗರ, ಅಂದರೆ ಕುರುಬ, ಅಂತ ಕಥೆ. ಇವತ್ತಿಗೂ ಡ್ರೈವರುಗಳು ಅವನಿಗೆ ಕೈ ಮುಗಿದೇ ಮುಂದೆ ಹೋಗುತ್ತಾರೆ. ಕಥೆ ಎಷ್ಟು ನಿಜವೋ, ಅದರೊಳಗಿನ ತಿಳಿವಳಿಕೆ ಮಾತ್ರ ನೂರಕ್ಕೆ ನೂರು ನಿಜ. ಗುಡ್ಡದಲ್ಲಿ ದನ ಕುರಿ ನೇರ ಹತ್ತುವುದಿಲ್ಲ, ಅಡ್ಡಡ್ಡ ಸುತ್ತಿಕೊಂಡು, ಕಡಿಮೆ ದಣಿವಾಗುವ ಜಾಗ ನೋಡಿಕೊಂಡು ಹತ್ತುತ್ತವೆ. 1830ರಲ್ಲಿ ಗವರ್ನರ್ ಜಾನ್ ಮಾಲ್ಕಂ ಕಾಲದಲ್ಲಿ ಬೋರ್ ಘಾಟ್‌ನಲ್ಲಿ ಗಾಡಿ ರಸ್ತೆ ತೆರೆದಾಗ ಅದು ಎಂಜಿನ್ನಿಗಾಗಿ ಮಾಡಿದ ರಸ್ತೆ ಅಲ್ಲ, ಎತ್ತಿಗಾಗಿ ಮಾಡಿದ್ದು. ಹೇರು ಎಳೆಯುವ ಎತ್ತು ಕಡಿದಾದ ಏರಿನಲ್ಲಿ ಮಂಡಿಯೂರಿಬಿಡುತ್ತದೆ. ಹಾಗಾಗಿ ಹಳೇ ಘಾಟ್‌ಗಳು ಉದ್ದಕ್ಕೆ ಸುತ್ತಿಕೊಂಡು ಹತ್ತುತ್ತವೆ. ಇವತ್ತಿನ ಇಂಡಿಯನ್ ರೋಡ್ಸ್ ಕಾಂಗ್ರೆಸ್ ನಿಯಮದಲ್ಲೂ ಗುಡ್ಡಗಾಡು ರಸ್ತೆಗೆ ಸಾಮಾನ್ಯವಾಗಿ ಇರಬೇಕಾದ ಏರು ಇಪ್ಪತ್ತಕ್ಕೆ ಒಂದು, ಅಂದರೆ ಶೇಕಡಾ 5.

ಈ ಶೇಕಡಾ 5 ಅನ್ನೋದು ನನ್ನಂಥವನಿಗೆ ಬಡ್ಡಿ ದರಕ್ಕಿಂತ ಮುಖ್ಯವಾದ ಅಂಕಿ! ಲೆಕ್ಕ ನೋಡಿ. ನನ್ನ ತೂಕ, ಸೈಕಲ್ಲು, ನೀರಿನ ಬಾಟಲಿ ಎಲ್ಲ ಸೇರಿ 87 ಕೆ.ಜಿ. ಐವತ್ತು ದಾಟಿದವನು ಒಂದು ತಾಸು ಬಿಡದೆ ತುಳಿಯಬಲ್ಲ ಶಕ್ತಿ 120 ವ್ಯಾಟ್ ಅಂತ ಇಟ್ಟುಕೊಳ್ಳಿ, ಎರಡು ಹಳೇ ಬಲ್ಬಿನಷ್ಟು. ಶೇಕಡಾ 5ರ ಏರಿನಲ್ಲಿ ಇಷ್ಟು ಶಕ್ತಿಗೆ ತಾಸಿಗೆ ಎಂಟು ಒಂಬತ್ತು ಕಿಲೋಮೀಟರ್ ವೇಗ ಸಿಗುತ್ತದೆ. ಮುಂದೆ 34 ಹಲ್ಲು, ಹಿಂದೆ 34 ಹಲ್ಲಿನ ಗೇರ್ ಹಾಕಿಕೊಂಡರೆ ನಿಮಿಷಕ್ಕೆ ಎಪ್ಪತ್ತು ಸಲ ಪೆಡಲ್ ತಿರುಗಿಸುತ್ತಾ, ಉಸಿರು ಕಟ್ಟದೆ, ಪಕ್ಕದವನ ಜೊತೆ ಎರಡು ಮಾತೂ ಆಡುತ್ತಾ ಹೋಗಬಹುದು. ಅದೇ ಶೇಕಡಾ 10 ಆದರೆ ವೇಗ ಅರ್ಧಕ್ಕೆ ಬೀಳುತ್ತದೆ. ತಾಸಿಗೆ ನಾಲ್ಕೂವರೆ ಕಿ.ಮೀ. ವೇಗದಲ್ಲಿ ಸೈಕಲ್ಲೇ ನೆಟ್ಟಗೆ ನಿಲ್ಲುವುದಿಲ್ಲ, ಇಳಿದು ತಳ್ಳಬೇಕು. ಎತ್ತಿನ ಕಾಲಿಗೆ ಮಾಡಿದ ರಸ್ತೆ ಇನ್ನೂರು ವರ್ಷದ ನಂತರ ಸಕ್ಕರೆ ಕಾಯಿಲೆಯ ಬ್ಯಾಂಕ್ ಆಫೀಸರನ ಕಾಲಿಗೂ ಹೊಂದುತ್ತದೆ, ಯಾಕೆಂದರೆ ಇಬ್ಬರ ಹತ್ತಿರವೂ ಎಂಜಿನ್ ಇಲ್ಲ.

ಇದಕ್ಕೆ ನನಗೆ ಗೊತ್ತಿರುವ ಅತ್ಯುತ್ತಮ ಉದಾಹರಣೆ ಖಂಬಾಟ್ಕಿ ದಾಟಿದ ಮೇಲೆ ಸಿಗುವ ಪಸರಣಿ ಘಾಟ್. ಕೃಷ್ಣಾ ದಂಡೆಯ ವಾಯಿ ಊರು ಸಮುದ್ರಮಟ್ಟದಿಂದ ಸುಮಾರು 700 ಮೀಟರ್ ಎತ್ತರ, ಮೇಲೆ ಪಂಚಗಣಿ 1,300ರ ಹತ್ತಿರ. ನಡುವೆ ಹನ್ನೆರಡು ಹದಿಮೂರು ಕಿ.ಮೀ. ಭಾಗಿಸಿ ನೋಡಿ, ಅದೇ ಶೇಕಡಾ 5. ಒಂದೂವರೆ ತಾಸಿನ ಕೆಲಸ. ಪ್ರತಿ ತಿರುವಿಗೂ ವಾಯಿಯ ಹೊಲಗಳು, ಧೋಮ್ ಅಣೆಕಟ್ಟಿನ ನೀರು ಇನ್ನಷ್ಟು ಕೆಳಗೆ ಹೋಗುತ್ತವೆ. ಮೇಲೆ ಹೋದರೆ ಭಿಲಾರ್ ಅನ್ನುವ ಸ್ಟ್ರಾಬೆರಿ ಊರು ಇದೆ. 2017ರ ಮೇ ತಿಂಗಳಲ್ಲಿ ಅದನ್ನು 'ಪುಸ್ತಕಗಳ ಊರು' ಮಾಡಿದರು. ಮನೆಗಳಲ್ಲಿ, ಗುಡಿಗಳಲ್ಲಿ ಮರಾಠಿ ಪುಸ್ತಕ ಇಟ್ಟಿದ್ದಾರೆ, ಯಾರು ಬೇಕಾದರೂ ಕೂತು ಓದಬಹುದು. (ನಮ್ಮ ಕಡೆ ಇಂಥದ್ದೊಂದು ಊರು ಯಾಕಿಲ್ಲ ಅಂತ ಪ್ರತಿ ಸಲ ಹೊಟ್ಟೆ ಉರಿಯುತ್ತದೆ. ಅದು ಬೇರೆ ವಿಷಯ.)

ಹಾಗಾದರೆ ಪಸರಣಿಗೆ ಸೈಕಲ್ ಒಯ್ಯುವವರು ತುಂಬಾ ಇರಬೇಕಲ್ಲ? ಇದ್ದಾರೆ, ಆದರೆ ಬಹಳ ಮಂದಿ ಕಾರಿನ ತಲೆಯ ಮೇಲೆ ಸೈಕಲ್ ಕಟ್ಟಿಕೊಂಡು ವಾಯಿವರೆಗೆ ಹೋಗಿ ಅಲ್ಲಿಂದ ಶುರು ಮಾಡುತ್ತಾರೆ. ಕಾರಣ ಖಂಬಾಟ್ಕಿ. ಹೋಗುವಾಗ ಕಂಟೇನರ್ ಲಾರಿಗಳ ನಡುವೆ ಹತ್ತಬೇಕು. ಬರುವಾಗ ಇನ್ನೂ ಪಜೀತಿ, ಘಾಟ್ ಒಮ್ಮುಖ, ಇಳಿಯುವ ಹಾಗಿಲ್ಲ. ಸುರಂಗದಲ್ಲಿ ಟ್ರಕ್ಕುಗಳ ಹೊಗೆ, ಸದ್ದು, ಕತ್ತಲೆಯ ಮಧ್ಯೆ ಹಿಂದಿನ ಕೆಂಪು ದೀಪವನ್ನೇ ನಂಬಿಕೊಂಡು ಬರಬೇಕು. ಬೇಡ ಅಂದರೆ ಮಾಂಢರದೇವಿ ಕಡೆಯಿಂದ ಭೋರ್‌ಗೆ ಇಳಿಯಬೇಕು, ಆ ಏರು ನನ್ನಂಥವರಿಗಲ್ಲ. ಅಂದರೆ ಪುಣೆಯಿಂದ ತೊಂಬತ್ತು ಕಿಲೋಮೀಟರ್ ದೂರದಲ್ಲಿ ಇಷ್ಟು ಚೆಂದದ ರಸ್ತೆ ಇದೆ, ಆದರೆ ಅಲ್ಲಿಗೆ ಸೈಕಲ್ ಮೇಲೆ ಹೋಗಿ ಬರುವ ದಾರಿ ಇಲ್ಲ. ಒಂದೇ ಒಂದು ಹಳೇ ಘಾಟ್ ಬಿಟ್ಟುಕೊಟ್ಟರೆ ಶಿರವಳದಿಂದ ಮಹಾಬಳೇಶ್ವರದವರೆಗಿನ ಇಡೀ ಪ್ರದೇಶ ತೆರೆದುಕೊಳ್ಳುತ್ತದೆ.

ಸೈಕಲ್ ಮಾರ್ಗ ಅಂದರೆ ಏನು ಅನ್ನೋದರ ಬಗ್ಗೆಯೇ ನಮ್ಮಲ್ಲಿ ಗೊಂದಲ ಇದೆ. ಮೊಬೈಲ್ ಆ್ಯಪ್‌ನಲ್ಲಿ ಗೆರೆ ಎಳೆದರೆ ಅದು ಎತ್ತರ ತೋರಿಸುತ್ತೆ, ದೂರ ತೋರಿಸುತ್ತೆ. ಹಿಂದಿನಿಂದ ಬರುವ ಕಾರಿನವನಿಗೆ ಎಷ್ಟು ಅವಸರ ಇದೆ ಅಂತ ತೋರಿಸಲ್ಲ. ನನ್ನ ಅನುಭವದಲ್ಲಿ ಒಳ್ಳೇ ಸೈಕಲ್ ರಸ್ತೆ ಅಂದರೆ ಅವಸರದವನಿಗೆ ಅಲ್ಲಿ ಬರುವ ಕಾರಣವೇ ಇರಬಾರದು. ಪೌಡ್‌ನಿಂದ ಕೋಳವಣ, ತಿಕೋನಾ ಕೋಟೆಯ ಬುಡದಿಂದ ಪವನಾ ಅಣೆಕಟ್ಟಿನವರೆಗೆ ಹೋಗುವ ರಸ್ತೆ ಅಂಥದ್ದು. ಸಾತಾರಾದಿಂದ ಮೇಢಾ ಮೇಲಿಂದ ಕೇಳಘರ್ ಘಾಟ್ ಹತ್ತಿ ಮಹಾಬಳೇಶ್ವರಕ್ಕೆ ಹೋಗುವುದೂ ಅಂಥದ್ದೇ, ಪಸರಣಿಯಷ್ಟು ಗದ್ದಲ ಇಲ್ಲ. ಭೋರ್‌ನಿಂದ ನೀರಾ ದೇವಘರ್ ಹಿನ್ನೀರಿನ ಗುಂಟ ಹೋಗಿ ವರಂಧಾ ಘಾಟ್ ಇಳಿದರೆ ಮಹಾಡ್, ಕೊಂಕಣ. ಮಳೆಗಾಲದಲ್ಲಿ ಗುಡ್ಡ ಕುಸಿದು ಅದು ಮುಚ್ಚುವುದು ಮಾಮೂಲು, ಅಕ್ಟೋಬರ್ ಕೊನೆಗೆ ಹೋಗಿ. ಇಳಿಯುವಾಗ ಬ್ರೇಕ್ ಹಿಡಿದೇ ಇರಬೇಡಿ, ರಿಮ್ ಕಾದು ಟ್ಯೂಬ್ ಸಿಡಿಯುತ್ತದೆ. ತಿರುವಿಗೆ ಮುಂಚೆ ಒತ್ತಿ, ತಿರುವಿನಲ್ಲಿ ಬಿಡಿ.

ಇನ್ನು ಮುಳಶಿ ದಾಟಿ ತಾಮ್ಹಿಣಿ ಘಾಟ್. ಅದರ ಬಗ್ಗೆ ಬರೆಯಲು ಬೇಜಾರು. ಟಾಟಾ ವಿದ್ಯುತ್ ಯೋಜನೆಗೆ ಮುಳಶಿಯ ಹಳ್ಳಿಗಳು ಮುಳುಗುವಾಗ, 1921ರಲ್ಲಿ, ಸೇನಾಪತಿ ಬಾಪಟರ ಮುಂದಾಳತ್ವದಲ್ಲಿ ರೈತರು ಸತ್ಯಾಗ್ರಹ ಮಾಡಿದ ನಾಡು ಅದು. ಮೊದಲ ಸಲ ಹೋದಾಗ ಕಿರಿದಾದ ಡಾಂಬರು ರಸ್ತೆ, ಎರಡೂ ಕಡೆ ಕಾಡು, ಹಿನ್ನೀರು, ತಾಸಿಗೆ ಹತ್ತು ಗಾಡಿ. ಆಮೇಲೆ ಅದು ರಾಷ್ಟ್ರೀಯ ಹೆದ್ದಾರಿಯಾಯಿತು, ಅಗಲವಾಯಿತು, ಕಾಂಕ್ರೀಟಾಯಿತು. ಕೊಂಕಣಕ್ಕೆ ಹೋಗುವವರಿಗೆ ಅನುಕೂಲವಾಯಿತು, ಇಲ್ಲ ಅನ್ನಲ್ಲ. ಆದರೆ ರಸ್ತೆ ಅಗಲವಾದಷ್ಟೂ ಕಾಲು ಆಕ್ಸಿಲರೇಟರ್ ಮೇಲೆ ಭಾರ ಬೀಳುತ್ತದೆ. ನಮ್ಮ ಗುಂಪಿನ ಒಬ್ಬರು, ನನಗಿಂತ ನಾಲ್ಕು ವರ್ಷ ದೊಡ್ಡವರು, ಅಗಲಗೊಂಡ ಇಂಥದ್ದೇ ಒಂದು ರಸ್ತೆಯಲ್ಲಿ ಎಡ ಅಂಚಿನಲ್ಲಿ ಹೋಗುತ್ತಿದ್ದಾಗ ಹಿಂದಿನಿಂದ ಬಂದ ಕಾರು ತಗುಲಿತು. ಭುಜದ ಮೂಳೆ, ಎರಡು ಪಕ್ಕೆಲುಬು ಮುರಿದವು. ಕಾರು ನಿಲ್ಲಲಿಲ್ಲ. ಮೂಳೆ ಕೂಡಿತು. ಆದರೆ ಅವರ ಮನೆಯವರು ಸೈಕಲ್ಲನ್ನು ಬಾಲ್ಕನಿಯಲ್ಲಿ ಚೈನ್ ಹಾಕಿ ಕಟ್ಟಿಟ್ಟಿದ್ದಾರೆ, ಕೀಲಿ ತಮ್ಮ ಹತ್ತಿರ ಇಟ್ಟುಕೊಂಡಿದ್ದಾರೆ. "ವೈನಿ, ಭಾನುವಾರ ಒಂದು ದಿನ ಬಿಡಿ" ಅಂತ ಕೇಳುವ ಧೈರ್ಯ ನಮಗ್ಯಾರಿಗೂ ಇಲ್ಲ. ಯಾವ ಮುಖ ಇಟ್ಟುಕೊಂಡು ಕೇಳೋದು?

ಈಗ 'ಶೋಕಿ' ಪ್ರಶ್ನೆಗೆ ಬರೋಣ. ಭೋರ್ ಕಡೆಯ ಒಂದು ಘಾಟ್ ಬುಡದಲ್ಲಿ ನಾವು ಯಾವಾಗಲೂ ನಿಲ್ಲುವ ಚಹಾದಂಗಡಿ ಇದೆ. ನಡೆಸುವಾಕೆಯನ್ನು ನಾವೆಲ್ಲ ಮಾವಶಿ ಅಂತೀವಿ, ಅಂದರೆ ಚಿಕ್ಕಮ್ಮ. ನಾನು ಒಮ್ಮೆ ಅವಳೆದುರು ಇದೇ ಭಾಷಣ ಬಿಗಿದೆ, ರಸ್ತೆ ಅಗಲ ಮಾಡಬಾರದು ಅಂತ. ಅವಳು ಅವಲಕ್ಕಿ ಕೈಯಾಡಿಸುತ್ತಲೇ ಹೇಳಿದಳು: "ನಿಮಗೇನು ಕಾಕಾ, ಹನ್ನೊಂದಕ್ಕೆ ಪುಣೆಗೆ ಹೋಗ್ತೀರಿ. ನನ್ನ ಸೊಸೆಗೆ ಬೇನೆ ಬಂದಾಗ ಭೋರ್ ಮುಟ್ಟೋಕೆ ಒಂದೂವರೆ ತಾಸು ಹಿಡಿತು. ಜೀಪಿನಲ್ಲೇ ಹೆರಿಗೆ ಆಗ್ತಿತ್ತು."

ಈ ಮಾತಿಗೆ ಎದುರು ಮಾತಿಲ್ಲ. ಗುಡ್ಡದ ರಸ್ತೆ ಮೊದಲು ಅವಳದ್ದು, ಆಮೇಲೆ ನನ್ನದು. ಆದರೆ ಆವತ್ತು ಅವಳನ್ನು ಮತ್ತೂ ಕೇಳಿದೆ: ಒಂದೂವರೆ ತಾಸು ಯಾಕೆ ಹಿಡಿತು, ರಸ್ತೆ ಸಣ್ಣದು ಅಂತಲಾ? ಅಲ್ಲ. ಆಷಾಢದ ಮಳೆ, ಮೋರಿಯ ಹತ್ತಿರ ರಸ್ತೆ ಕೊಚ್ಚಿ ಹೋಗಿತ್ತು, ಜೀಪು ಹೊಂಡಗಳಲ್ಲಿ ತೆವಳಿಕೊಂಡು ಹೋಯಿತು. ಅಂದರೆ ಅವಳಿಗೆ ಬೇಕಾಗಿದ್ದು ಅಗಲ ಅಲ್ಲ, ಚರಂಡಿ. ಮಳೆಗೆ ಮುಂಚೆ ಮಣ್ಣು ತೆಗೆದ ಚರಂಡಿ, ಗಟ್ಟಿ ಮೋರಿ, ಹೊಂಡ ಮುಚ್ಚಿದ ಡಾಂಬರು, ಎದುರು ಗಾಡಿಗೆ ದಾರಿ ಬಿಡಲು ಅರ್ಧ ಕಿಲೋಮೀಟರಿಗೊಂದು ಅಗಲದ ಜಾಗ. ನನಗೆ ಬೇಕಾಗಿದ್ದೂ ಅದೇ! ಒಂದಿಷ್ಟೂ ಹೆಚ್ಚಲ್ಲ. ರಸ್ತೆಯನ್ನು ಹತ್ತು ಮೀಟರ್ ಮಾಡು ಅಂತ ಕೇಳಿದ್ದು ಮಾವಶಿಯೂ ಅಲ್ಲ, ನಾನೂ ಅಲ್ಲ. ಅದನ್ನು ಕೇಳುವವರು ಮೇಲೆ ಪ್ಲಾಟ್ ಹಾಕಿರುವವರು.

ಇದು ಬರೀ ಬಾಯಿಮಾತಲ್ಲ. ನಾನು ಮೂರು ವರ್ಷ ಸಾತಾರಾ ಜಿಲ್ಲೆಯ ಹಳ್ಳಿ ಶಾಖೆಯೊಂದರಲ್ಲಿ ಕೃಷಿ ಸಾಲ ನೋಡಿಕೊಂಡವನು. ಅರಿಶಿನಕ್ಕೆ, ಸ್ಟ್ರಾಬೆರಿಗೆ ಸಾಲ ಕೊಟ್ಟಿದ್ದೇನೆ. ರಸ್ತೆ ಅಗಲವಾಗುತ್ತೆ ಅನ್ನೋ ಸುದ್ದಿ ಬಂದ ಆರು ತಿಂಗಳಲ್ಲಿ ರಸ್ತೆ ಬದಿಯ ಸಾತ್‌ಬಾರಾ ಉತಾರೆಗಳಲ್ಲಿ (ನಮ್ಮ ಪಹಣಿ ಇದ್ದಂತೆ) ಹೆಸರುಗಳು ಬದಲಾಗುವುದನ್ನು ಕಣ್ಣಾರೆ ನೋಡಿದ್ದೇನೆ. ಸಾಲ ತೀರಿಸಿ ನೋ ಡ್ಯೂ ಸರ್ಟಿಫಿಕೇಟ್ ಕೇಳಲು ಬಂದ ರೈತ ಖುಷಿಯಾಗಿಯೇ ಇದ್ದ, ಕೈಯಲ್ಲಿ ದುಡ್ಡಿತ್ತು. ಎರಡು ವರ್ಷದ ನಂತರ ಅದೇ ಜಮೀನಿನ ರಿಸಾರ್ಟಿಗೆ ಅವನ ಮಗ ವಾಚ್‌ಮನ್. ಎಲ್ಲರದ್ದೂ ಹೀಗಾಯಿತು ಅಂತ ಹೇಳಲ್ಲ, ಬಿಸಿನೆಸ್ ಮಾಡಿ ಉದ್ಧಾರವಾದವರೂ ಇದ್ದಾರೆ. ಆದರೆ ರಸ್ತೆ ಅಗಲವಾದರೆ ಹಳ್ಳಿ ಉದ್ಧಾರ ಅನ್ನೋ ಮಾತನ್ನು ನಾನು ಬ್ಯಾಲೆನ್ಸ್ ಶೀಟ್ ನೋಡದೆ ನಂಬಲ್ಲ.

ಸೈಕಲ್ ಸವಾರರಿಂದ ಹಳ್ಳಿಗೆ ಲಾಭ ಅಂತ ದೊಡ್ಡ ಮಾತೂ ಆಡಲ್ಲ. ನಾವು ಕೊಡೋದು ಎಷ್ಟು? ಒಂದು ಪ್ಲೇಟ್ ಅವಲಕ್ಕಿ, ಎರಡು ಚಹಾ, ಇಳಿಯುವಾಗ ಒಂದು ಗ್ಲಾಸ್ ಕಬ್ಬಿನ ಹಾಲು. ನೂರು ರೂಪಾಯಿ ಆದರೆ ಹೆಚ್ಚು. ಆದರೆ ಅದು ಮಾವಶಿಯ ಅಂಗಡಿಗೇ ಹೋಗುತ್ತದೆ, ಯಾಕೆಂದರೆ ಅವಳ ಅಂಗಡಿ ದಾಟಿ ಹೋಗುವಷ್ಟು ಶಕ್ತಿ ನಮಗೆ ಇರೋದಿಲ್ಲ! ಎಂಬತ್ತರ ವೇಗದಲ್ಲಿ ಹೋಗುವ ಕಾರಿಗೆ ಅವಳ ಅಂಗಡಿ ಕಾಣಿಸುವುದೂ ಇಲ್ಲ.

ಗುಡ್ಡ ಕಡಿಯುವ ವಿಷಯ ಬೇರೆಯೇ ಇದೆ. ಅಗಲ ಮಾಡೋದು ಅಂದರೆ ಘಾಟ್‌ನಲ್ಲಿ ಗುಡ್ಡವನ್ನು ನೆಟ್ಟಗೆ ಕಡಿಯುವುದು. ಉತ್ತರ ಕನ್ನಡದವರಿಗೆ ಇದನ್ನು ನಾನು ಹೇಳಿಕೊಡಬೇಕಾಗಿಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ, ಹೆದ್ದಾರಿಗಾಗಿ ಕಡಿದ ಗುಡ್ಡ ಎನ್‌.ಎಚ್‌. 66ರ ಮೇಲೆ ಬಂದು ಗಂಗಾವಳಿ ನದಿಗೆ ಬಿತ್ತು. ರಸ್ತೆ ಪಕ್ಕದ ಚಹಾದಂಗಡಿ, ಅದನ್ನು ನಡೆಸುತ್ತಿದ್ದ ಕುಟುಂಬ, ಅಲ್ಲಿ ನಿಂತ ಲಾರಿಗಳು ಎಲ್ಲ ಹೋದವು. ಆ ಸುದ್ದಿ ಟಿ.ವಿ.ಯಲ್ಲಿ ನೋಡುವಾಗ ನನಗೆ ಮಾವಶಿಯ ತಗಡಿನ ಚಪ್ಪರವೇ ಕಣ್ಣಮುಂದೆ. ಎಲ್ಲ ಕುಸಿತಕ್ಕೂ ರಸ್ತೆಯೇ ಕಾರಣ ಅಂತ ಅಲ್ಲ. 2021ರ ಜುಲೈನಲ್ಲಿ ವರಂಧಾದ ಕೆಳಗೆ ಮಹಾಡ್ ತಾಲೂಕಿನ ತಳಿಯೆ ಹಳ್ಳಿಯನ್ನೇ ನುಂಗಿದ ಕುಸಿತಕ್ಕೆ ಆ ಒಂದು ದಿನದ ಭಯಂಕರ ಮಳೆಯೇ ಸಾಕಾಗಿತ್ತು. ಅಂಥ ಮಳೆ ಬೀಳುವ ಗುಡ್ಡ ಅಂತ ಗೊತ್ತಿದ್ದೂ ಅದರ ಕಾಲು ಕಡಿಯಬೇಕಾ ಅನ್ನೋದಷ್ಟೇ ನನ್ನ ಪ್ರಶ್ನೆ.

ಬಿ.ಕಾಂ. ಓದಿದವನ ಬುದ್ಧಿ ಎಲ್ಲಿ ಹೋಗುತ್ತೆ, ಲೆಕ್ಕಕ್ಕೇ ಬರುತ್ತೆ. ಒಂದು ಮಷೀನು ಹಳೇದಾದರೆ ವರ್ಷಾವರ್ಷ ಸವಕಳಿ ಕಳೆದು ಕೊನೆಗೆ ಪುಸ್ತಕದಲ್ಲಿ ಒಂದು ರೂಪಾಯಿ ಬೆಲೆ ಇಟ್ಟಿರುತ್ತೇವೆ. ಪುಸ್ತಕದಲ್ಲಿ ಒಂದು ರೂಪಾಯಿ ಅಂತ ಮಷೀನನ್ನು ಯಾರೂ ಗುಜರಿಗೆ ಹಾಕಲ್ಲ, ಓಡುತ್ತಿದ್ದರೆ ಓಡಿಸುತ್ತಾರೆ. ಹಳೇ ಘಾಟ್ ರಸ್ತೆ ಅಂಥ ಆಸ್ತಿ. ಕಡಿದದ್ದು, ಕಟ್ಟಿದ್ದು, ಕೂಲಿ ಕೊಟ್ಟದ್ದು ಎಲ್ಲ ನಮ್ಮ ಮುತ್ತಜ್ಜಂದಿರ ಕಾಲದಲ್ಲೇ ಮುಗಿದುಹೋಗಿದೆ. ಲಾರಿಗಳು ಸುರಂಗಕ್ಕೆ ಹೋದಮೇಲೆ ಅದರ ಮೇಲಿನ ಭಾರವೂ ಹೋಯಿತು, ಡಾಂಬರು ಎರಡು ಪಟ್ಟು ಬಾಳುತ್ತೆ. ಉಳಿಯುವ ಖರ್ಚು ಚರಂಡಿ, ಮೋರಿ, ಅಂಚಿನ ಗೋಡೆ. ಸುರಂಗಕ್ಕೆ ಹಾಕಿದ ದುಡ್ಡಿನ ಎದುರು ಇದು ಪಾಸ್‌ಬುಕ್ಕಿನ ಕೊನೆ ಸಾಲಿನ ಪೈಸೆ. ಸುರಂಗದಲ್ಲಿ ಏನಾದರೂ ಬೆಂಕಿ ಅನಾಹುತ ಆದರೆ, ಆವತ್ತು ಪಕ್ಕದಲ್ಲೊಂದು ಬದಲಿ ರಸ್ತೆ ಇದ್ದರೆ ಅದರ ಬೆಲೆ ಎಷ್ಟು ಅಂತ ಹೆದ್ದಾರಿಯವರೇ ಲೆಕ್ಕ ಹಾಕಲಿ.

ಹೀಗೆ ಮಾಡಿದವರು ಇದ್ದಾರಾ? ಇದ್ದಾರೆ. ಸ್ವಿಟ್ಜರ್‌ಲೆಂಡಿನ ಗೊಟ್ಹಾರ್ಡ್ ಕಣಿವೆಯಲ್ಲಿ ಸುಮಾರು ನಮ್ಮ ಬೋರ್ ಘಾಟ್‌ನ ವಯಸ್ಸಿನದೇ ಒಂದು ರಸ್ತೆ ಇದೆ, ತ್ರೆಮೋಲಾ ಅಂತ. ಇಪ್ಪತ್ತನಾಲ್ಕು ಹೇರ್‌ಪಿನ್ ತಿರುವು, ಕಲ್ಲು ಹಾಸಿದ ರಸ್ತೆ. ಪಕ್ಕದಲ್ಲೇ ಹೊಸ ರಸ್ತೆ ಬಂತು, 1980ರಲ್ಲಿ ಹದಿನೇಳು ಕಿಲೋಮೀಟರಿನ ಸುರಂಗವೂ ಬಂತು. ಅವರು ಹಳೆಯದನ್ನು ಎಸೆಯಲಿಲ್ಲ, ಕಲ್ಲುಗಳನ್ನೂ ಕಿತ್ತು ಕಾಂಕ್ರೀಟ್ ಸುರಿಯಲಿಲ್ಲ. ಇವತ್ತು ಆ ರಸ್ತೆ ಹತ್ತಲು ಜಗತ್ತಿನ ಸೈಕಲ್ ಸವಾರರು ವಿಮಾನ ಹತ್ತಿ ಬರುತ್ತಾರೆ. ಅವರು ಶ್ರೀಮಂತರು, ನಮಗೆಲ್ಲಿ ಆಗುತ್ತೆ ಅನ್ನಬೇಡಿ. ಇಲ್ಲಿ ಕೇಳುತ್ತಿರುವುದು ಖರ್ಚು ಮಾಡಿ ಅಂತ ಅಲ್ಲ, ಕೆಡಿಸಬೇಡಿ ಅಂತ.

ಕೆಡಿಸಿದ ಉದಾಹರಣೆ ಮನೆ ಬಾಗಿಲಲ್ಲೇ ಇದೆ. ಮುಂಬೈ–ಪುಣೆ ಎಕ್ಸ್‌ಪ್ರೆಸ್‌ವೇ 2002ರಲ್ಲಿ ಪೂರ್ತಿಯಾದಾಗ ಅದರ ಮೇಲೆ ಸೈಕಲ್ಲಿಗೂ ಬೈಕಿಗೂ ನಿಷೇಧ. ಸರಿ, ಒಪ್ಪಿದೆ. ಆದರೆ ಖಂಡಾಳಾ ಹತ್ತಿರ ಘಾಟ್‌ನಲ್ಲಿ ಹಳೇ ಹೆದ್ದಾರಿಯನ್ನೂ ಎಕ್ಸ್‌ಪ್ರೆಸ್‌ವೇಯನ್ನೂ ಸ್ವಲ್ಪ ದೂರ ಒಂದೇ ಮಾಡಿಬಿಟ್ಟರು. (ಇದು ಲೋಣಾವಳಾದ ಖಂಡಾಳಾ. ಖಂಬಾಟ್ಕಿ ಬುಡದಲ್ಲೂ ಒಂದು ಖಂಡಾಳಾ ಇದೆ, ಗೊಂದಲ ಬೇಡ.) ಅಲ್ಲಿದ್ದ 1830ರ ಅಮೃತಾಂಜನ್ ಸೇತುವೆಯನ್ನು 2020ರ ಏಪ್ರಿಲ್‌ನಲ್ಲಿ, ಲಾಕ್‌ಡೌನ್‌ನಲ್ಲಿ ಯಾರೂ ಓಡಾಡದ ಹೊತ್ತಿನಲ್ಲಿ ಸ್ಫೋಟಿಸಿ ಕೆಡವಿದರು. ಅದೇ ಬೋರ್ ಘಾಟ್‌ನಲ್ಲಿ ಮುಂಬೈ–ಪುಣೆ ಸೈಕಲ್ ರೇಸಿನ ಹುಡುಗರು ಹತ್ತುತ್ತಿದ್ದರು, ಮೊದಲು ಮೇಲೆ ಮುಟ್ಟಿದವನಿಗೆ 'ಘಾಟಾಚಾ ರಾಜಾ' ಅಂತ ಬಿರುದು. ಅಂದ ಹಾಗೆ ಮುಂಬೈಯಲ್ಲಿ 'ಘಾಟಿ' ಅಂದರೆ ಬೈಗುಳ, ಇಲ್ಲಿ ಘಾಟ್‌ನ ರಾಜ ಅಂದರೆ ಕಿರೀಟ. ಎಲ್ಲಿಂದ ನೋಡ್ತೀರಿ ಅನ್ನೋದರ ಮೇಲೆ!

2026ರ ಜನವರಿಯಲ್ಲಿ ಪುಣೆ ಜಿಲ್ಲೆಯಲ್ಲಿ ಪುಣೆ ಗ್ರ್ಯಾಂಡ್ ಟೂರ್ ನಡೆಯಿತು. ಅಂತಾರಾಷ್ಟ್ರೀಯ ಸೈಕಲ್ ರೇಸು, ಐದು ದಿನ, 437 ಕಿಲೋಮೀಟರ್, ಮುಳಶಿ ಮಾವಳದ ಗುಡ್ಡಗಳೂ ಸೇರಿದಂತೆ. ಹಳ್ಳಿ ಹಳ್ಳಿಯಲ್ಲಿ ಶಾಲೆ ಮಕ್ಕಳು ರಸ್ತೆ ಬದಿ ನಿಂತು ಚಪ್ಪಾಳೆ ತಟ್ಟಿದರು, ನನಗೂ ಖುಷಿಯಾಯಿತು. ರೇಸಿಗಾಗಿ ರಸ್ತೆಗಳನ್ನೆಲ್ಲ ಹೊಸದಾಗಿ ಮಾಡಿದರು. ಆದರೆ ರೇಸಿನ ದಿನ ಕಾರುಗಳನ್ನು ನಿಲ್ಲಿಸಿರುತ್ತಾರೆ. ಮಿಕ್ಕ 360 ದಿನ ಅದೇ ನುಣುಪು ಡಾಂಬರು ವೇಗದ ಕಾರಿಗೂ ಅಷ್ಟೇ ನುಣುಪು. ಆ ಮಕ್ಕಳಲ್ಲಿ ಒಬ್ಬ ಹುಡುಗಿ ಸ್ಫೂರ್ತಿಗೊಂಡು ಶಾಲೆಗೆ ಸೈಕಲ್ ಮೇಲೆ ಹೊರಟರೆ ಅವಳು ಹೋಗುವುದು ಆ ಮಿಕ್ಕ ದಿನಗಳ ರಸ್ತೆಯಲ್ಲಿ. ರೇಸಿನ ಉತ್ಸಾಹ ಇರುವಾಗಲೇ ಜಿಲ್ಲಾಡಳಿತ ಒಂದೆರಡು ಗುಡ್ಡದ ರಸ್ತೆಗಳಲ್ಲಿ ಭಾನುವಾರ ಬೆಳಿಗ್ಗೆ ಒಂಬತ್ತರವರೆಗೆ ಹೊರಗಿನ ಕಾರು ಬಿಡುವುದಿಲ್ಲ ಅಂತ ಮಾಡಿದ್ದರೆ? ಹಳ್ಳಿಯವರ ಗಾಡಿ, ಹಾಲಿನ ಟೆಂಪೊ, ಎಸ್‌.ಟಿ., ಆಂಬುಲೆನ್ಸ್ ಎಂದಿನಂತೆ. ಮಿಕ್ಕವರು ಒಂಬತ್ತರ ಮೇಲೆ ಬಂದರೆ ಜಲಪಾತವೇನೂ ಬತ್ತಿ ಹೋಗಲ್ಲ.

ಊರ ಕಡೆಯ ಮಾತೂ ಇದೆ. ಶಿರಸಿಯಿಂದ ಕುಮಟಾಕ್ಕೆ ಇಳಿಯುವ ದೇವಿಮನೆ ಘಟ್ಟ ರಾಷ್ಟ್ರೀಯ ಹೆದ್ದಾರಿಯ ಪಾಲಾಗಿ ಅಗಲಗೊಳ್ಳುವುದನ್ನು ರಜೆಗೆ ಹೋದಾಗ ನೋಡಿದೆ, ಕೆಂಪು ಮಣ್ಣಿನ ಗಾಯ. ಆಗುಂಬೆಯ ಹದಿನಾಲ್ಕು ತಿರುವುಗಳು ಇಷ್ಟು ದಿನ ಉಳಿದಿದ್ದಕ್ಕೆ ದೊಡ್ಡ ಕಾರಣ ಅಲ್ಲಿ ಭಾರಿ ವಾಹನಗಳಿಗೆ ನಿರ್ಬಂಧ ಇರೋದು. ಅಲ್ಲೂ ಸುರಂಗದ ಮಾತು ಕೇಳಿಬರುತ್ತಿದೆ. ಬೇಕೋ ಬೇಡವೋ ಅಲ್ಲಿನವರು, ಕಾಡು ಬಲ್ಲವರು ಹೇಳಲಿ. ಆದರೆ ಸುರಂಗ ಬಂದರೆ ಆ ತಿರುವುಗಳ ಗತಿ ಏನು ಅನ್ನೋದು ಯೋಜನಾ ವರದಿಯ ಮೊದಲ ಪುಟದಲ್ಲೇ ಇರಲಿ. ಖಂಬಾಟ್ಕಿಯಲ್ಲಿ ಆದಂತೆ ಕೆಲಸ ಮುಗಿಯುವ ಹೊತ್ತಿಗೆ ನನ್ನಂಥವನು ಕೇಳುವ ಹಾಗಾಗಬಾರದು.

ಖಂಬಾಟ್ಕಿಗೆ ಏನು ಬೇಕು ಅಂತ ನಾವು ಕೆಲವರು ಸೇರಿ ಮರಾಠಿಯಲ್ಲಿ ಒಂದು ಪುಟದ ಅರ್ಜಿ ಬರೆದಿದ್ದೇವೆ. ಎರಡೂ ದಿಕ್ಕಿನ ಸಂಚಾರಕ್ಕೆ ಹಳೇ ಘಾಟ್ ತೆರೆಯಬೇಕು. ಎರಡೂ ತುದಿಯಲ್ಲಿ ಲಾರಿ ತೂರದಂತೆ ಎತ್ತರ ತಡೆ ಹಾಕಬೇಕು, ಆದರೆ ಎಸ್‌.ಟಿ. ಬಸ್ಸು ದಾಟುವಷ್ಟು ಎತ್ತರಕ್ಕೆ. ವರ್ಷಕ್ಕೊಮ್ಮೆ ಮೇ ತಿಂಗಳಲ್ಲಿ ಚರಂಡಿ ತೆಗೆಯಬೇಕು. ರಸ್ತೆ ಬದಿಗೆ ಹೊಸ ಕಟ್ಟಡಕ್ಕೆ ಪರವಾನಗಿ ಕೊಡಬಾರದು, ಈಗಿರುವ ಸಣ್ಣ ಅಂಗಡಿಗಳನ್ನು ಎಬ್ಬಿಸಬಾರದು. ಈ ಕೊನೆಯ ವಾಕ್ಯವನ್ನು ಮಾವಶಿಯ ಅಂಗಡಿಯಲ್ಲಿ ಕೂತೇ ಸೇರಿಸಿದ್ದು. ಪುಣೆ, ಪಿಂಪ್ರಿ, ಸಾತಾರಾ ಕಡೆ ಇರುವ ಕನ್ನಡದವರು ಯಾರಾದರೂ ಸಹಿ ಹಾಕುವುದಿದ್ದರೆ ಬನ್ನಿ. ಸೈಕಲ್ ಇರಲೇಬೇಕು ಅಂತಿಲ್ಲ. ರಾತ್ರಿ ಬಸ್ಸಿನಲ್ಲಿ ಒಮ್ಮೆಯಾದರೂ ಆ ಘಾಟ್ ಹತ್ತಿದ್ದರೆ ಸಾಕು.